ಮ್ಯಾಗಜೀನ್ ಅಸೈನ್‌ಮೆಂಟ್: ಒಮ್ಮೆ ಕಂಪನಿ ಮುಖ್ಯಸ್ಥರು, ಒಮ್ಮೆ ಕಾರ್ಖಾನೆ. ತಯಾರಿ ಹೇಗೆ?

ಪ್ರಶ್ನೆ: ಮದುವೆ ಫೋಟೋಗ್ರಫಿಯಿಂದ ಮ್ಯಾಗಜೀನ್ ಕೆಲಸಕ್ಕೆ ಬರುತ್ತಿದ್ದೇನೆ. ಒಪ್ಪಿಕೊಂಡಿರುವುದು ಮೂರು ಕೆಲಸ: ಕಂಪನಿ ಮುಖ್ಯಸ್ಥರೊಬ್ಬರ ಪೋರ್ಟ್ರೇಟ್ (ಸಿಗುವುದು ಹತ್ತೇ ನಿಮಿಷ), ಲೋಹದ ಕಾರ್ಖಾನೆ, ಸಂಶೋಧನಾ ಪ್ರಯೋಗಾಲಯ. ಒಂದೊಂದಕ್ಕೂ ಬೇರೆಯೇ ತಯಾರಿ ಬೇಕಾ? ಅನುಭವ ಇರುವವರು ತಿಳಿಸಿ.

ಉತ್ತರ: ವಿಷಯ ಯಾವುದೇ ಇರಲಿ, ಚಿತ್ರ ಕೊನೆಗೆ ಹೋಗಿ ಕೂರುವುದು ಪುಟದ ಮೇಲೆ. ಹಾಗಾಗಿ ಮೊದಲು ಫೋಟೋ ಎಡಿಟರ್‌ಗೆ ಫೋನ್ ಮಾಡಿ. ಕವರ್‌ಗಾ, ಡಬಲ್ ಸ್ಪ್ರೆಡ್‌ಗಾ (ಎದುರುಬದುರಿನ ಎರಡೂ ಪುಟಕ್ಕೆ ಹರಡುವ ಚಿತ್ರ), ಒಳಪುಟಕ್ಕಾ? ಶೀರ್ಷಿಕೆ ಚಿತ್ರದ ಮೇಲೆ ಬರುತ್ತಾ? ಲೇಖನದ ಕರಡು ಸಿಕ್ಕರೆ ಓದಿಬಿಡಿ. ಕವರ್ ಆದರೆ ಉದ್ದುದ್ದಕ್ಕೆ ತೆಗೆದು, ಪತ್ರಿಕೆಯ ಹೆಸರಿಗೆ ತಲೆಯ ಮೇಲೆ ಧಾರಾಳ ಜಾಗ ಬಿಡಿ. ಸ್ಪ್ರೆಡ್ ಆದರೆ ಮುಖ ನಟ್ಟನಡುವೆ ಬರಬಾರದು, ಬೈಂಡಿಂಗ್ ಮಡಿಕೆಯಲ್ಲಿ ಕಣ್ಣೋ ಮೂಗೋ ನುಂಗಿಹೋಗುತ್ತದೆ. ಎರಡು ಎ4 ಪುಟಗಳ ಸ್ಪ್ರೆಡ್‌ಗೆ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗಲೆಂದು ಅಂಚಿನಾಚೆ ಬಿಡುವ ಭಾಗ) ಸೇರಿ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸುಮಾರು 5030 × 3580 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000 × 4000. ಆಮೇಲೆ ಕ್ರಾಪ್ ಮಾಡಿಕೊಳ್ಳೋಣ ಅಂದರೆ ಹೆಚ್ಚು ಜಾಗ ಉಳಿಯುವುದಿಲ್ಲ.

ಅಡ್ಡ ಚಿತ್ರವನ್ನು ಉದ್ದ ಕವರ್‌ಗೆ ಹೊಂದಿಸಲು ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನ್ಯಾಷನಲ್ ಜಿಯಾಗ್ರಫಿಕ್‌ನ 1982ರ ಫೆಬ್ರವರಿ ಸಂಚಿಕೆ ನೋಡಿ. ಗೀಜಾದ ಪಿರಮಿಡ್‌ಗಳನ್ನು ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿದ್ದಕ್ಕೆ ಪತ್ರಿಕೆ ವರ್ಷಗಟ್ಟಲೆ ಟೀಕೆ ಕೇಳಬೇಕಾಯಿತು. ಪ್ರತಿ ದೃಶ್ಯವನ್ನೂ ಅಡ್ಡವೂ ಉದ್ದವೂ ತೆಗೆದಿಟ್ಟುಕೊಂಡರೆ ಎಡಿಟರ್‌ಗೆ ಅಂಥ ಇಕ್ಕಟ್ಟು ಬರುವುದಿಲ್ಲ.

ಉತ್ತರ: ಹತ್ತು ನಿಮಿಷದ ಪೋರ್ಟ್ರೇಟ್ ಬಗ್ಗೆ ಹೇಳುತ್ತೇನೆ. ಆ ಹತ್ತು ನಿಮಿಷ ಅವರಿಗೆ, ಲೈಟಿಗಲ್ಲ. ಒಂದು ಗಂಟೆ ಮೊದಲೇ ಹೋಗಿ, ಅವರಷ್ಟೇ ಎತ್ತರದ ಯಾರನ್ನಾದರೂ ಕೂರಿಸಿ ಎಲ್ಲ ಸೆಟ್ ಮಾಡಿ ಮುಗಿಸಿ. 60ರಿಂದ 90 ಸೆಂ.ಮೀ. ಸಾಫ್ಟ್‌ಬಾಕ್ಸ್ (ಫ್ಲ್ಯಾಶ್ ಬೆಳಕನ್ನು ಮೃದು ಮಾಡುವ ಬಟ್ಟೆಯ ಪೆಟ್ಟಿಗೆ) ಒಂದು ಸಾಕು. ಮುಖದಿಂದ ಒಂದೂವರೆ ಮೀಟರ್ ಒಳಗೆ, 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲೆ. ಐಎಸ್‌ಒ 400, ಎಫ್/5.6, ಶಟರ್ 1/160ರಿಂದ ಶುರು ಮಾಡಿ. ಹಿನ್ನೆಲೆ ಕಪ್ಪಾಗಿ ಬಂದರೆ ಶಟರ್ ಮಾತ್ರ ನಿಧಾನ ಮಾಡಿ, ಫ್ಲ್ಯಾಶ್ ಮುಟ್ಟಬೇಡಿ. ಕೋಣೆಯ ಬೆಳಕನ್ನು ಹಿಡಿಯುವುದು ಶಟರ್, ಮುಖದ ಮೇಲಿನ ಫ್ಲ್ಯಾಶನ್ನು ಹಿಡಿಯುವುದು ಅಪರ್ಚರ್ (ಲೆನ್ಸ್‌ನ ಕಿಂಡಿ, ಅಂದರೆ ಆ ಎಫ್ ಸಂಖ್ಯೆ). ಕನ್ನಡಕದಲ್ಲಿ ಲೈಟ್ ಹೊಳೆದರೆ ಲೈಟನ್ನು ಇನ್ನಷ್ಟು ಮೇಲಕ್ಕೆ ಎತ್ತಿ, ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ತುಸು ಮೇಲಕ್ಕೆ ಸರಿಸಲು ಹೇಳಿ. ಗಾಜು ಕೆಳಕ್ಕೆ ವಾಲುತ್ತದೆ, ಹೊಳಪು ಹೋಗುತ್ತದೆ.

ಮೊದಲ ನಾಲ್ಕು ನಿಮಿಷದಲ್ಲಿ ಸುರಕ್ಷಿತ ಚಿತ್ರ ಮುಗಿಸಿ. ಉಳಿದ ಹೊತ್ತಿಗೆ ಎರಡನೇ ಜಾಗವೊಂದು ಸಿದ್ಧವಿರಲಿ, ಕಿಟಕಿಯ ಪಕ್ಕ, ಲೈಟೇ ಇಲ್ಲದೆ. ಒಳ್ಳೆಯ ಚಿತ್ರ ಹೆಚ್ಚಾಗಿ ಸಿಗುವುದು ಇಲ್ಲೇ, ಏಕೆಂದರೆ ಎದ್ದು ನಡೆಯುವಾಗ ಜನ ಪೋಸ್ ಮರೆಯುತ್ತಾರೆ. 85 ಎಂಎಂ ಲೆನ್ಸ್ ಮುಖಕ್ಕೆ ಸರಿ. 35 ಎಂಎಂ ಹಾಕಿದರೆ ದೂರ ನಿಲ್ಲಿ. ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಸರಿದಂತೆ ಕಾಣುತ್ತದೆ.

ಉತ್ತರ: ಮೇಲಿನವರ ಮಾತಿಗೆ ಒಂದೇ ತಕರಾರು. ಮುಖಕ್ಕೆ ಅಂತ 85 ಎಂಎಂ ಮಾತ್ರ ಒಯ್ದರೆ ವ್ಯಕ್ತಿಯ ಕೆಲಸವೇ ಚಿತ್ರದಿಂದ ಹೊರಗುಳಿಯುತ್ತದೆ. ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಚಿತ್ರದಲ್ಲಿ ಮನುಷ್ಯ ಒಂದು ಮೂಲೆಯಲ್ಲಿದ್ದಾನೆ, ಚೌಕಟ್ಟಿನ ಬಹುಪಾಲು ಪಿಯಾನೋದ ಮುಚ್ಚಳವೇ. ಅದನ್ನು ಮಾಡಿಸಿದ ಪತ್ರಿಕೆ ಬಳಸಲಿಲ್ಲ, ಆದರೂ ಜನ ನೆನಪಿಟ್ಟುಕೊಂಡದ್ದು ಅದನ್ನೇ.

ಈಗ ಕಾರ್ಖಾನೆ. ಮೊದಲ ಫೋನು ಸುರಕ್ಷತಾ ಅಧಿಕಾರಿಗೆ. ಉರಿಯುವ ಅನಿಲ, ಆವಿ ಇರುವ ಭಾಗಕ್ಕೆ ಸಾಮಾನ್ಯ ಕ್ಯಾಮೆರಾ, ಫ್ಲ್ಯಾಶ್ ಒಯ್ಯುವಂತಿಲ್ಲ. ಎಲ್ಲಿ ಬಿಡುತ್ತಾರೆ ಎಂದು ಮೊದಲೇ ಬರೆಸಿಕೊಳ್ಳಿ. ಒಳಗೆ ಲೆನ್ಸ್ ಬದಲಿಸಬೇಡಿ, ಲೋಹದ ಪುಡಿ ಸೆನ್ಸರ್ ಮೇಲೆ ಕೂರುತ್ತದೆ. ಎರಡು ಕ್ಯಾಮೆರಾ ಬಾಡಿ, ಎರಡು ಲೆನ್ಸ್. ಕೆಲಸಗಾರರ ಜಾಕೆಟ್ಟಿನ ಹೊಳೆಯುವ ಪಟ್ಟಿ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಕ್ಯಾಮೆರಾ ಮೇಲೆಯೇ ಫ್ಲ್ಯಾಶ್ ಇದ್ದರೆ ಚಿತ್ರದಲ್ಲಿ ಪಟ್ಟಿ ಮಾತ್ರ ಉರಿಯುತ್ತದೆ, ಮುಖ ಕಪ್ಪು. ಫ್ಲ್ಯಾಶನ್ನು ಸ್ಟ್ಯಾಂಡಿನ ಮೇಲೆ ಪಕ್ಕಕ್ಕೆ ಒಯ್ದರೆ ಆ ತೊಂದರೆ ತೀರಿತು.

ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಕೆಳಗೆ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಬೇಡ, ಚಿತ್ರದಲ್ಲಿ ಪಟ್ಟೆ ಬರುತ್ತದೆ. ಮೆಕ್ಯಾನಿಕಲ್ ಶಟರ್ ಇಟ್ಟು, 50 ಹರ್ಟ್ಜ್ ಕರೆಂಟ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಜ್ ಇರುವಲ್ಲಿ 1/60 ಅಥವಾ 1/120 ಬಳಸಿ.

ಉತ್ತರ: ಲ್ಯಾಬಿಗೆ ಹೋದರೆ ಮೊದಲು ಕೇಳಬೇಕಾದ್ದು ಲೇಸರ್ ಆನ್ ಆಗಿದೆಯಾ ಅಂತ. ನೇರ ಕಿರಣವೊಂದು ಬಿದ್ದರೆ ಸೆನ್ಸರ್ ಸುಟ್ಟು ಶಾಶ್ವತ ಕಲೆ ಉಳಿಯುತ್ತದೆ, ಕಣ್ಣಿಗೂ ಅಪಾಯ. ಇನ್ನು ಪರೀಕ್ಷಾ ನಳಿಕೆಗೆ ಬಣ್ಣದ ನೀರು ತುಂಬಿಸಿ ಪೋಸ್ ಕೊಡಿಸಬೇಡಿ. ವಿಷಯ ಬಲ್ಲ ಓದುಗರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಅವರು ನಿಜವಾಗಿ ಮಾಡುವ ಕೆಲಸವನ್ನೇ ಮಾಡಲು ಬಿಟ್ಟು, ಸುಮ್ಮನೆ ಕಾದು ತೆಗೆಯಿರಿ.

ಕ್ಯಾಪ್ಷನ್ ಅಲ್ಲೇ ಬರೆದುಕೊಳ್ಳಿ, ಎಡದಿಂದ ಬಲಕ್ಕೆ, ಹೆಸರು ಮತ್ತು ಹುದ್ದೆ. ಹೆಸರನ್ನು ಅವರ ಕೈಯಿಂದಲೇ ಕಾಗದದ ಮೇಲೆ ಬರೆಸಿ, ಆ ಕಾಗದದ್ದೂ ಒಂದು ಫೋಟೋ ತೆಗೆದರೆ ಅಕ್ಷರ ತಪ್ಪುವುದಿಲ್ಲ. ಎರಡು ಬಾಡಿ ಒಯ್ಯುವುದಾದರೆ ಹೊರಡುವ ಮುನ್ನ ಎರಡರ ಗಡಿಯಾರವನ್ನೂ ಸೆಕೆಂಡಿನವರೆಗೆ ಹೊಂದಿಸಿ. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಸಮಯದ ಪ್ರಕಾರ ಜೋಡಿಸಿದಾಗ ಆ ಕಾಗದ ಯಾರ ಚಿತ್ರಕ್ಕೆ ಸೇರಿದ್ದೆಂದೇ ಗೊತ್ತಾಗುವುದಿಲ್ಲ.