ಸಹಾಯ ಬೇಕು: ಕೆಲಸ ಮಾಡುವಾಗ ಗಮನ ಉಸಿರಿನ ಮೇಲಾ, ಕೈ ಮೇಲಾ?

ಎಲ್ಲರಿಗೂ ನಮಸ್ಕಾರ. ಧ್ಯಾನಕ್ಕೆ ಕಣ್ಣು ಮುಚ್ಚಿ ಕೂತಾಗ ನನಗೆ ತೊಂದರೆ ಇಲ್ಲ. ಆನಾಪಾನದಲ್ಲಿ (ಉಸಿರನ್ನು ಗಮನಿಸುವ ಧ್ಯಾನ) ಹೇಳಿಕೊಡುವ ಹಾಗೆ ಮೂಗಿನ ಹೊಳ್ಳೆ ಹತ್ತಿರ ಉಸಿರು ಬಂದು ಹೋಗುವುದನ್ನು ಸುಮ್ನೆ ನೋಡುತ್ತೇನೆ, ಮನಸ್ಸು ಎಲ್ಲಿಗಾದರೂ ಓಡಿದರೆ ವಾಪಸ್ ಕರೆದುಕೊಂಡು ಬರುತ್ತೇನೆ, ಅಷ್ಟೇ. ಕಷ್ಟ ಶುರುವಾಗುವುದು ಎದ್ದು ಅಡುಗೆಮನೆಗೆ ಹೋದ ಮೇಲೆ.

ಈರುಳ್ಳಿ ಹೆಚ್ಚುವಾಗ, ಪಾತ್ರೆ ತೊಳೆಯುವಾಗ ಉಸಿರನ್ನು ಗಮನಿಸಲು ಹೋದರೆ ಅದು ತಾನಾಗಿ ನಡೆಯುವುದೇ ಇಲ್ಲ, ನಾನೇ ಎಳೆದು ಬಿಡುತ್ತಿರುವ ಹಾಗೆ ಆಗಿ ಎದೆ ಬಿಗಿಯುತ್ತದೆ. ಪ್ರಾಣಾಯಾಮದಲ್ಲಾದರೆ ಉಸಿರನ್ನು ಬೇಕೆಂದೇ ನಿಯಂತ್ರಿಸಬೇಕು, ಇಲ್ಲಿ ಅದು ಬೇಡ ಅಲ್ವಾ? ಸರಿ ಅಂತ ಕೈಗೆ ತಾಗುವ ತಣ್ಣೀರು, ಪಾತ್ರೆ ಉಜ್ಜುವ ಸದ್ದು, ಇವುಗಳ ಮೇಲೆ ಗಮನ ಇಟ್ಟು ನೋಡಿದೆ. ಇದು ಸ್ವಲ್ಪ ಹಗುರ ಅನ್ನಿಸಿತು. ಆದರೆ ತಲೆಯೊಳಗೆ 'ಈಗ ನೀರು ತಾಗ್ತಿದೆ, ಈಗ ಲೋಟ ಎತ್ತಿದೆ' ಅಂತ ಕ್ರಿಕೆಟ್ ಕಾಮೆಂಟರಿ ಶುರು! ಇದು ಅರಿವಾ ಅಥವಾ ಇನ್ನೊಂದು ಥರದ ಯೋಚನೆಯಾ, ಗೊತ್ತಾಗುತ್ತಿಲ್ಲ.

ಓದಿದರೆ ಗೊಂದಲ ಇನ್ನೂ ಜಾಸ್ತಿ. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ ಅವರ ಧ್ಯಾನ ಪದ್ಧತಿಯಲ್ಲಿ ಹೀಗೆ ಮನಸ್ಸಿನಲ್ಲೇ ಹೆಸರಿಟ್ಟು ಗುರುತಿಸುವುದೇ ಅಭ್ಯಾಸ. ಧ್ಯಾನ ಗುರು ಗೋಯೆಂಕಾ ಅವರ ವಿಪಶ್ಯನ ಧ್ಯಾನ ಪದ್ಧತಿಯಲ್ಲಿ ಶಬ್ದ ಸೇರಿಸಬೇಡಿ, ಸಂವೇದನೆಯನ್ನಷ್ಟೇ ಗಮನಿಸಿ ಅನ್ನುತ್ತಾರೆ. ಎರಡನ್ನೂ ಬೆರೆಸುವುದು ಸರಿ ಅನ್ನಿಸಲಿಲ್ಲ.

ದಯವಿಟ್ಟು ಆ್ಯಪ್ ಹೆಸರು ಹೇಳಬೇಡಿ, ಫೋನ್ ಕೈಗೆ ಬಂದರೆ ನಾನು ರೀಲ್ಸ್‌ನಲ್ಲೇ ಕಳೆದುಹೋಗುತ್ತೇನೆ. ಮನೆ ಕೆಲಸದ ನಡುವೆಯೇ ಅಭ್ಯಾಸ ಮಾಡುವವರು ಹೇಳಿ: ನೀವು ಗಮನವನ್ನು ಉಸಿರಿನ ಮೇಲೆ ಇಡುತ್ತೀರಾ, ಕೈ ಮೇಲಾ? ಮತ್ತೆ ಈ ಕಾಮೆಂಟರಿಯನ್ನು ಅದರ ಪಾಡಿಗೆ ಬಿಡಬೇಕಾ, ನಿಲ್ಲಿಸಬೇಕಾ?