ರಕ್ಷಣಾ ಸಾಧನಗಳು: ಸೋಂಕು ನಿಯಂತ್ರಣ ತಜ್ಞೆಯೊಂದಿಗೆ ಪ್ರಶ್ನೋತ್ತರ

ಶುಶ್ರೂಷಕಿ: ಶ್ವಾಸಕೋಶದ ಕ್ಷಯವಿರುವ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಎನ್‌95 ಧರಿಸಿದ ಕೆಲವೇ ನಿಮಿಷಗಳಲ್ಲಿ ಕನ್ನಡಕ ಮಂಜಾಗುತ್ತದೆ. ಗಾಜಿಗೆ ಏನು ಸವರಬೇಕು?

ತಜ್ಞೆ: ಗಾಜನ್ನು ಬಿಡಿ, ಮೊದಲು ಮಾಸ್ಕನ್ನು ನೋಡಿ. ನಿಮ್ಮ ಉಸಿರು ಮೂಗಿನ ಪಕ್ಕದ ಸಂದಿಯಿಂದ ಮೇಲಕ್ಕೆ ನುಗ್ಗುತ್ತಿರಬೇಕು, ಮತ್ತು ಗಾಳಿ ಹೊರಹೋಗುವ ದಾರಿಯಲ್ಲಿಯೇ ಒಳಕ್ಕೂ ಬರುತ್ತದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 95ನ್ನಾದರೂ ತಡೆಯುತ್ತದೆ ಎಂಬ ಭರವಸೆ ಸೋಸುವ ಪದರಕ್ಕೆ ಸಂಬಂಧಿಸಿದ್ದೇ ಹೊರತು ಸಂದಿಗಲ್ಲ. ಮೂಗಿನ ಪಟ್ಟಿಯನ್ನು ಒಂದೇ ಕೈಯಿಂದ ಚಿವುಟದೆ ಎರಡೂ ಕೈಬೆರಳುಗಳಿಂದ ಒತ್ತಿ ಕೂರಿಸಿ. ಮೇಲಿನ ಪಟ್ಟಿ ನಡುನೆತ್ತಿಯ ಹಿಂಭಾಗದಲ್ಲಿ, ಕೆಳಗಿನದು ಕಿವಿಗಳ ಕೆಳಗೆ ಕತ್ತಿನ ಮೇಲೆ ಇರಲಿ. ಅಂಚಿನ ಸುತ್ತ ಕೈಯಿಟ್ಟು ಉಸಿರು ಬಿಟ್ಟು ನೋಡಿ. ಸೋರಿಕೆ ನಿಲ್ಲದಿದ್ದರೆ ಬೇರೆ ಗಾತ್ರ ಅಥವಾ ಬೇರೆ ಮಾದರಿಯ ಮಾಸ್ಕನ್ನು ಕೇಳಿ ಪಡೆಯಿರಿ. ಇದು ಎಷ್ಟು ದಿನಗಳಿಂದ ನಡೆಯುತ್ತಿದೆ?

ಶುಶ್ರೂಷಕಿ: ಎರಡು ತಿಂಗಳಾಯಿತು. ಸ್ಪಿರಿಟ್ ಸಿಂಪಡಿಸಿ ಒಣಗಿಸಿ ಅದೇ ಮಾಸ್ಕನ್ನು ಮತ್ತೆ ಬಳಸುತ್ತಿದ್ದೆ.

ತಜ್ಞೆ: ಅದನ್ನು ಇಂದೇ ಎಸೆಯಿರಿ. ಕಣಗಳನ್ನು ಸೆಳೆದು ಹಿಡಿಯುವುದು ಪದರದ ವಿದ್ಯುದಾವೇಶ. ಆಲ್ಕೋಹಾಲ್ ತಾಗಿದರೆ ಅದು ನಾಶವಾಗುತ್ತದೆ, ಮಾಸ್ಕ್ ಮಾತ್ರ ಹೊಸದರಂತೆಯೇ ಕಾಣುತ್ತದೆ. ಕ್ಷಯ ಸೋಂಕಿನ ಪರೀಕ್ಷೆಯನ್ನು ಈಗ ಒಮ್ಮೆ, ಕೊನೆಯ ಸಂಪರ್ಕದ 8ರಿಂದ 10 ವಾರಗಳ ಬಳಿಕ ಇನ್ನೊಮ್ಮೆ ಮಾಡಿಸಿಕೊಳ್ಳಿ. ನಿಮಗೆ ಕೆಮ್ಮು ಇದೆಯೇ?

ಆರೈಕೆದಾರ: ಕೈಗವಸು ಹಾಕಿಕೊಂಡಿದ್ದರೂ ಕೈ ತೊಳೆಯಬೇಕೇ?

ತಜ್ಞೆ: ಮೂರನೆಯ ಸಲ ಹೇಳುತ್ತಿದ್ದೇನೆ: ತೆಗೆದ ಕೂಡಲೇ ತೊಳೆಯಬೇಕು.

ಪ್ರಯೋಗಾಲಯ ಸಹಾಯಕ: ಮಾಸ್ಕಿನೊಳಗೆ ನೀಲಗಿರಿ ಎಣ್ಣೆಯ ಎರಡು ಹನಿ ಹಾಕಿದರೆ ರೋಗಾಣು ಸಾಯುತ್ತದೆ ಎಂಬ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ.

ತಜ್ಞೆ: ದಯವಿಟ್ಟು ಹಂಚಬೇಡಿ. ಎಣ್ಣೆ ಪದರವನ್ನು ಕೆಡಿಸುತ್ತದೆ, ಅದರ ವಾಸನೆ ರಕ್ಷಣೆಯ ಭ್ರಮೆಯನ್ನು ಹುಟ್ಟಿಸುತ್ತದೆ. ಇಂತಹ ಸಂದೇಶಗಳನ್ನು ಬರೆಯುವವರು ವಾರ್ಡಿನೊಳಗೆ ಒಂದು ಗಂಟೆಯಾದರೂ ನಿಂತಿದ್ದಾರೆಯೇ ಎಂದು ನನಗೆ ಅನುಮಾನ.

ತರಬೇತಿ ವೈದ್ಯ: ಕೋಣೆಯಿಂದ ಹೊರಬರುವಾಗ ಯಾವುದನ್ನು ಮೊದಲು ತೆಗೆಯಬೇಕು?

ತಜ್ಞೆ: ಅತಿ ಮಲಿನವಾದ ಕೈಗವಸು, ಬಳಿಕ ಕಣ್ಣಿನ ರಕ್ಷಕ, ಆಮೇಲೆ ಗೌನ್. ಎನ್‌95 ಅನ್ನು ಕೋಣೆಯ ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ, ಮುಂಭಾಗ ಮುಟ್ಟದೆ, ಪಟ್ಟಿಗಳನ್ನು ಹಿಡಿದು ತೆಗೆಯಿರಿ. ಧರಿಸುವುದನ್ನು ಎಲ್ಲರೂ ಕಲಿಸುತ್ತಾರೆ, ಕಳಚುವುದನ್ನು ಮರೆಯುತ್ತಾರೆ.

ಗಡ್ಡಧಾರಿ ಸದಸ್ಯ: ನಾನು ಹತ್ತು ವರ್ಷಗಳಿಂದ ಗಡ್ಡದ ಮೇಲೆಯೇ ಎನ್‌95 ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಪ್ರಯೋಗಾಲಯ ಸಹಾಯಕ: ನಿಮಗೆ ಏನೂ ಆಗಿಲ್ಲವೆಂಬುದು ಪುರಾವೆಯಲ್ಲ.

ಗಡ್ಡಧಾರಿ ಸದಸ್ಯ: ಎಣ್ಣೆಯ ಸಂದೇಶ ಹಂಚಿದವರು ಪುರಾವೆಯ ಪಾಠ ಹೇಳುತ್ತಿದ್ದೀರಿ.

ಪ್ರಯೋಗಾಲಯ ಸಹಾಯಕ: ತಪ್ಪನ್ನು ಒಪ್ಪಿಕೊಳ್ಳುವ ಸೌಜನ್ಯ ನನಗಿದೆ, ನಿಮಗಿಲ್ಲ.

ತಜ್ಞೆ: ಅಂಚಿನ ಅಡಿಯಲ್ಲಿ ಕೂದಲಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ. ಗಡ್ಡ ತೆಗೆಯಲಾಗದವರಿಗೆ ತಲೆಯನ್ನೆಲ್ಲ ಮುಚ್ಚುವ, ಬ್ಯಾಟರಿಚಾಲಿತ ಶ್ವಾಸಸಾಧನವಿದೆ. ವಾದ ಇಲ್ಲಿಗೆ ಸಾಕು.

ಆರೈಕೆದಾರ: ಗೌನುಗಳ ಕೊರತೆಯಿರುವಾಗ ಒಂದನ್ನೇ ಇಬ್ಬರು ರೋಗಿಗಳಿಗೆ ಬಳಸಬಹುದೇ?

ಗಡ್ಡಧಾರಿ ಸದಸ್ಯ: ವಾದವನ್ನು ಆರಂಭಿಸಿದವನು ನಾನಲ್ಲ.

ಆರೈಕೆದಾರ: ಗೌನಿನ ಬಗ್ಗೆ ಯಾರಾದರೂ ಹೇಳುವಿರಾ? ಕೈಗವಸನ್ನೂ ಸ್ಯಾನಿಟೈಸರ್‌ನಿಂದ ಒರೆಸಿ ಮುಂದಿನ ರೋಗಿಗೆ ಬಳಸುತ್ತಿದ್ದೇವೆ.

ತಜ್ಞೆ: ಕೈಗವಸನ್ನು ಹಾಗೆ ಬಳಸಬೇಡಿ, ಪ್ರತಿ ರೋಗಿಗೂ ಬೇರೆಯದು ಬೇಕು. ಶುಶ್ರೂಷಕಿಯವರೇ, ಕೆಮ್ಮಿನ ಬಗ್ಗೆ ಕೇಳಿದ್ದೆ, ನಿಮ್ಮ ಉತ್ತರ ಇನ್ನೂ ಬಂದಿಲ್ಲ.