‘ಹತ್ತು ಜನರಿಗೆ ಕಳಿಸಿ’

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹೋದ ಭಾನುವಾರ ನಡೆದ ಜಗಳ ಇದು. ವಿಷಯ: ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ಗುಡ್ ಮಾರ್ನಿಂಗ್ ಹೂವುಗಳನ್ನು, ಯಾರದೋ ನಾಮಕರಣದ ಫೋಟೋಗಳನ್ನು ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ‘ನಾನು’ ಅಂದರೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮಾವ ಅಂದರೆ ಸೋದರಮಾವ, ಬ್ಯಾಂಕಿನಿಂದ ರಿಟೈರ್ ಆದವರು. ಅತ್ತೆ ಅವರ ಹೆಂಡತಿ, ದೊಡ್ಡಪ್ಪ ಅವರ ಭಾವ. ಇದಿಷ್ಟು ಗೊತ್ತಿದ್ದರೆ ಸಾಕು.

ಬೆಳಿಗ್ಗೆ 7.12

ಮಾವ (ಎಲ್ಲಿಂದಲೋ ಬಂದದ್ದು): ಎಚ್. ನರಸಿಂಹಯ್ಯ ಮೇಷ್ಟ್ರ ಬಗ್ಗೆ ನಿಮಗೆ ಗೊತ್ತಿಲ್ಲದ 10 ಸಂಗತಿಗಳು! 1. ದಿನಾ ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದು ಬಂದು ಓದಿದರು. 2. ನಾಸಾ ಕೆಲಸ ಕೊಟ್ಟರೂ ಬೇಡ ಎಂದರು. 3. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. 4. ಬರೀ ಉಪ್ಪಿಟ್ಟು ತಿಂದು ಬದುಕಿದರು... ಈ ಪುಣ್ಯಾತ್ಮರ ಕಥೆಯನ್ನು ಹತ್ತು ಜನರಿಗೆ ಕಳಿಸಿ. ಸಂಜೆಯೊಳಗೆ ಶುಭಸುದ್ದಿ ಖಂಡಿತ.

ಮಾವ: ಮೇಷ್ಟ್ರು ಅಂದರೆ ಹೀಗಿರಬೇಕು. ಈಗಿನವರಿಗೆ ಸಂಬಳ, ಡಿಎ, ರಜೆ. ಅಷ್ಟೇ.

ಅತ್ತೆ: (ಕೈಮುಗಿದ ಚಿತ್ರ)

ನಾನು: ದಿನಾ ನಡೆದು ಬಂದರಾ ಮಾವ? ಗೌರಿಬಿದನೂರು ಬೆಂಗಳೂರಿನಿಂದ ಹತ್ತಿರ ಹತ್ತಿರ 75-80 ಕಿಲೋಮೀಟರ್. ಸೋಮವಾರದ ಪಾಠಕ್ಕೆ ಶನಿವಾರವೇ ಹೊರಡಬೇಕಿತ್ತು.

ಮಾವ: ತಮಾಷೆ ಬೇಡ. ಭಾವನೆ ನೋಡು.

ಇಲ್ಲಿಂದ ಅರ್ಧ ಗಂಟೆ ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಎಂದು ತೋರಿಸುತ್ತಿತ್ತು. ಅವರದು ಒಂದೇ ಬೆರಳು.

ದೊಡ್ಡಪ್ಪ: ಒಂದು ಸಲ ನಡೆದರು. 1935ರಲ್ಲಿ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಬೇಕಿತ್ತು, ಬಸ್ಸಿಗೆ ದುಡ್ಡಿರಲಿಲ್ಲ. ಎರಡು ದಿನ ಹಿಡಿಯಿತು. ಒಂದು ಸಲ ನಡೆದದ್ದು ಸಾಲದಾ? ಪಾಪ, ದಿನಾ ಯಾಕೆ ನಡೆಸುತ್ತೀರಿ?

ದೊಡ್ಡಪ್ಪ: ಇನ್ನು ನಾಸಾ. ಅವರು ಓದಿದ್ದು ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ. ನ್ಯೂಕ್ಲಿಯರ್ ಫಿಸಿಕ್ಸ್, 1960ರಲ್ಲಿ ಪಿಎಚ್‌ಡಿ. ವಾಪಸ್ ಬಂದು ಅದೇ ನ್ಯಾಷನಲ್ ಕಾಲೇಜು. ನಾನು ಸೇರಿದಾಗ ಅವರೇ ಪ್ರಿನ್ಸಿಪಾಲರು. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಇವರು ಯಾರೋ ನಮ್ಮೂರ ಕಡೆಯ ಯಜಮಾನರು, ಮಗನ ಫೀಸು ಕಟ್ಟಲು ಬಂದಿದ್ದಾರೆ ಅಂದುಕೊಂಡಿದ್ದೆ.

ಮಾವ: ನೋಡಿ ಭಾವ, ಸರಳ ಜೀವನ. ನಾನು ಹೇಳಿದ್ದೂ ಅದೇ.

ನಾನು: ಕೊನೆಯ ಸಾಲು ಓದಿದಿರಾ ದೊಡ್ಡಪ್ಪ? ಹತ್ತು ಜನರಿಗೆ ಕಳಿಸಿದರೆ ಶುಭಸುದ್ದಿ ಅಂತೆ. ಅದೂ ಎಚ್ಚೆನ್ ಹೆಸರಿನಲ್ಲಿ!

ಚಿಕ್ಕಮ್ಮನ ಮಗ: ಯಾಕೆ, ಅವರ ಹೆಸರಿನಲ್ಲಿ ಏನಾಯಿತು?

ದೊಡ್ಡಪ್ಪ: 1976. ಆಗ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡ, ಮೂಢನಂಬಿಕೆ ಎಲ್ಲ ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೂ ಪತ್ರ ಹೋಯಿತು, ನಮ್ಮ ಎದುರು ಮಾಡಿ ತೋರಿಸಿ ಅಂತ. ಅವರು ಒಪ್ಪಲಿಲ್ಲ. ದೊಡ್ಡ ಗಲಾಟೆ. ನಾನಾಗ ಹೊಸ ಅಳಿಯ. ಎಚ್ಚೆನ್ ಕೇಳಿದ್ದರಲ್ಲಿ ತಪ್ಪೇನು ಅಂದೆ. ನಿಮ್ಮ ಅಜ್ಜಿ ಒಂದು ವಾರ ನನಗೆ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ.

ಮಾವ: ಅಮ್ಮನ ವಿಷಯ ಈಗ ಯಾಕೆ? ಹತ್ತು ಸಂಗತಿಯಲ್ಲಿ ಇದು ಇಲ್ಲವೇ ಇಲ್ಲ.

ನಾನು: ಇರುವುದಿಲ್ಲ ಮಾವ. ಉಪ್ಪಿಟ್ಟು ಯಾರಿಗೂ ಚುಚ್ಚುವುದಿಲ್ಲ.

ಮಾವ: ಮದುವೆ ಆಗದೆ ಹಾಸ್ಟೆಲ್ ಕೋಣೆಯಲ್ಲಿ ಇದ್ದದ್ದಾದರೂ ನಿಜ ತಾನೆ?

ದೊಡ್ಡಪ್ಪ: ನಿಜ. ಕುಲಪತಿ ಆದಾಗಲೂ ಅಲ್ಲೇ. ಉಪ್ಪಿಟ್ಟು ಅಂದರೆ ಪ್ರಾಣ ಅನ್ನುವುದೂ ನಿಜ.

ಮಾವ: ಮತ್ತೆ? ಅಂಥವರು ಈಗ ಒಬ್ಬರಾದರೂ ಇದ್ದಾರಾ?

ನನಗೆ ಸಿಟ್ಟು ಬಂದದ್ದು ಇಲ್ಲಿ. ಕುಕ್ಕರ್ ಮೂರು ಕೂಗು ಹಾಕಿದ್ದನ್ನೂ ಲೆಕ್ಕಿಸದೆ ಟೈಪ್ ಮಾಡಿದೆ.

ನಾನು: ಅವರು ಹಾಗೆ ಬದುಕಬೇಕು ಅಂತ ತಾವೇ ಆರಿಸಿಕೊಂಡರು. ಅದು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಅಳತೆ ಕೋಲು ಮಾಡಿಕೊಂಡು ನಮ್ಮ ಬೆನ್ನಿಗೆ ಯಾಕೆ ಹಿಡಿಯುತ್ತೀರಿ? ನಾನು ಎದ್ದು ಇಬ್ಬರ ಡಬ್ಬಿ ಕಟ್ಟಿ, ಗಂಡನ ತಾಯಿಗೆ ಮಾತ್ರೆ ಕೊಟ್ಟು ಶಾಲೆಗೆ ಹೋಗಬೇಕು. ಮಧ್ಯೆ ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ. ಡಿಎ ಕೇಳಿದರೆ ನಾನು ಕೆಟ್ಟ ಮೇಷ್ಟ್ರಾ? ಮನೆ ಇಲ್ಲದವರಿಗೆ ಬೇಕಾದಷ್ಟು ಸಮಯ ಇರುತ್ತದೆ, ಬಿಡಿ.

ಅತ್ತೆ: ಹಾಸ್ಟೆಲ್ ಅಂದರೆ ಅಡುಗೆಯವರು ಇರುತ್ತಾರೆ, ಅಲ್ವಾ?

ಎರಡು ವರ್ಷದಲ್ಲಿ ಅತ್ತೆ ಈ ಗುಂಪಿನಲ್ಲಿ ಬರೆದ ಮೊದಲ ವಾಕ್ಯ. ಎರಡನೆಯದು ತಕ್ಷಣ ಬಂತು.

ಅತ್ತೆ: ಇವರು ಮೂರು ದಿನ ಹಾಸ್ಟೆಲ್‌ನಲ್ಲಿ ಇದ್ದು ತೋರಿಸಲಿ. ಸಾರಿಗೆ ಇಂಗು ಕಡಿಮೆಯಾದರೆ ಸಂಜೆವರೆಗೂ ಗೊಣಗುತ್ತಾರೆ.

ಮಾವ: ನೀನು ಸುಮ್ನಿರು.

ದೊಡ್ಡಪ್ಪ: ಅವಳು ಕೇಳಿದ್ದು ಸರಿ ಇದೆ. ಆದರೆ ಮಗಳೇ, ನಿನ್ನ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಸಮಯ ಇದ್ದವರು ಬೇಕಾದಷ್ಟು ಜನ ಇದ್ದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದವರು ಇವರು. ಜುಲೈ ತಿಂಗಳು ಬಂತೆಂದರೆ ವಿಜ್ಞಾನದ ಉಪನ್ಯಾಸವೋ ಉಪನ್ಯಾಸ. ಸಂಗೀತ, ನಾಟಕಕ್ಕೆ ಅಂತ ಲಲಿತಕಲಾ ಪರಿಷತ್ತು ಕಟ್ಟಿದರು. ಫಿಸಿಕ್ಸ್ ಮೇಷ್ಟ್ರು! ಬಾಗೇಪಲ್ಲಿ, ಗೌರಿಬಿದನೂರಿನಲ್ಲಿ ಕಾಲೇಜು ತಂದರು. ನಮ್ಮ ಕಡೆಯ ಹುಡುಗರು ಮತ್ತೆ ನಡೆದುಕೊಂಡು ಬೆಂಗಳೂರಿಗೆ ಬರದೇ ಇರಲಿ ಅಂತ ನಾನು ಅಂದುಕೊಳ್ಳುತ್ತೇನೆ.

ದೊಡ್ಡಪ್ಪ: ಉಪ್ಪಿಟ್ಟಿನ ಜೊತೆ ಇದನ್ನೂ ಬರೆದಿದ್ದರೆ ನಾನೇ ಹತ್ತು ಜನರಿಗೆ ಕಳಿಸುತ್ತಿದ್ದೆ.

ನಾನು: ಆ ಮಾತು ವಾಪಸ್ ತಗೊಂಡೆ ದೊಡ್ಡಪ್ಪ. ಅದೊಂದೇ. ಡಿಎ ವಾಪಸ್ ತಗೊಳ್ಳುವುದಿಲ್ಲ.

ಚಿಕ್ಕಮ್ಮನ ಮಗ: 1936ರಲ್ಲಿ ಗಾಂಧೀಜಿ ಇವರ ಹೈಸ್ಕೂಲಿಗೆ ಬಂದಾಗ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇವರೇ ಅಂತೆ. ಆಗ ಹದಿನಾರು ವರ್ಷ. 1942ರಲ್ಲಿ ಓದು ಬಿಟ್ಟು ಜೈಲಿಗೆ ಬೇರೆ ಹೋಗಿದ್ದಾರೆ. ಈಗ ಓದಿದೆ. ಮಾವ, ಇದೂ ನಿಮ್ಮ ಹತ್ತರಲ್ಲಿ ಇಲ್ಲ.

‘ಈ ಸಂದೇಶವನ್ನು ಅಳಿಸಲಾಗಿದೆ.’

ನಾನು: ಅಳಿಸಿದರೆ ಆಯಿತಾ ಮಾವ? ಬೇರೆ ಗುಂಪಿಗೂ ಹಾಕಿದ್ದೀರಾ?

ಮಾವ: ವಾಕಿಂಗ್ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಬ್ಯಾಂಕಿನವರ ಗುಂಪು. ಅಲ್ಲೆಲ್ಲ ಚೆನ್ನಾಗಿದೆ ಅಂದಿದ್ದಾರೆ. ನಿಮ್ಮಷ್ಟು ತಕರಾರು ಯಾರೂ ತೆಗೆದಿಲ್ಲ.

ಸಂಜೆ 6.05

ಮಾವ: ಏನೇ ಹೇಳಿ. ಗುರುವಾರದಿಂದ ಕಾಣದಿದ್ದ ನನ್ನ ಕನ್ನಡಕ ಈಗ ಸಿಕ್ಕಿತು. ಸಂಜೆಯೊಳಗೆ ಅಂತಲೇ ಇತ್ತು.

ಅತ್ತೆ: ಸಿಕ್ಕಿದ್ದು ನನಗೆ. ಒಗೆಯಲು ಹಾಕಿದ್ದ ಶರ್ಟಿನ ಜೇಬಿನಲ್ಲಿ.

ಚಿಕ್ಕಮ್ಮನ ಮಗ: ದೊಡ್ಡಪ್ಪ, ಸಮಿತಿ ಕರೆಯಿರಿ.